ಸಾನಪಾಡಾಕ್ಕೆ ಎಷ್ಟು ಪೆಟ್ರೋಲು

ಹೊರಡುವ ಮುನ್ನ

ನನ್ನ ಓರಗೆಯವರೆಲ್ಲ ನಿವೃತ್ತರಾದ ಮೇಲೆ ಸಿಂಗಾಪುರಕ್ಕೋ ದುಬೈಗೋ ಹೋಗಿಬಂದು ಫೋಟೋ ಕಳಿಸುತ್ತಾರೆ. ಉಡುಪಿಯಿಂದ ಫೋನು ಮಾಡುವ ಅತ್ತಿಗೆ ಪ್ರತಿ ಸಲವೂ "ನೀನು ಮಾತ್ರ ಎಲ್ಲಿಗೂ ಹೋಗ್ಲಿಲ್ಲ ಅಲ್ವಾ ಮಾರಾಯ್ತಿ" ಎನ್ನುತ್ತಾಳೆ. ಹೋಗಿದ್ದೇನೆ. ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ಪಕ್ಕದ ನವಿ ಮುಂಬಯಿಯ ಸಾನಪಾಡಾಕ್ಕೆ ನಾನೇ ಕಾರು ಬಿಟ್ಟುಕೊಂಡು ಹೋಗಿದ್ದೇನೆ. ನಗಬೇಡಿ. ಇಪ್ಪತ್ತೆಂಟು ವರ್ಷ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಡೊಂಬಿವಲಿಯಿಂದ ಥಾಣೆಯ ಆಫೀಸಿಗೆ ಹೋಗಿಬಂದವಳಿಗೆ ಇಲ್ಲಿನ ರಸ್ತೆಗಳು ಪರದೇಶವೇ. ಟ್ರೇನಿನಲ್ಲಿ ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ರಸ್ತೆಯ ಮೇಲೆ ನನ್ನದೇ ಊರಿನಲ್ಲಿ ಎಡ ಬಲ ತಿಳಿಯುವುದಿಲ್ಲ.

ಕಾರು ಹೊಸದಲ್ಲ. ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯವರು ಪುಣೆಗೆ ಹೋಗುವಾಗ ಕಡಿಮೆಗೆ ಕೊಟ್ಟುಹೋದದ್ದು. ಕೊಡುವಾಗ "ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಡುತ್ತದೆ" ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು. ನಾನು ಡ್ರೈವಿಂಗ್ ಕ್ಲಾಸಿಗೆ ಹೋಗಿ, ಒಮ್ಮೆ ನಪಾಸಾಗಿ, ಎರಡನೇ ಸಲ ಲೈಸನ್ಸ್ ಪಡೆದವಳು. ನಮ್ಮವರಿಗೆ ಕಾರು ಬಿಡಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಅವರು ಇಲ್ಲಿನ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಭಾನುವಾರ ಅವರಿಗೆ ತಲೆಯೆತ್ತಲು ಪುರುಸೊತ್ತಿಲ್ಲ.

ಸಾನಪಾಡಾಕ್ಕೆ ಹೋಗಬೇಕಾದವಳು ನನ್ನ ಅಕ್ಕ ಗಿರಿಜಕ್ಕ. ಆಕೆಯ ಮಗಳು ಶ್ವೇತಾಳಿಗೆ ಅಲ್ಲಿ ಗಂಡುಮಗುವಾಗಿತ್ತು. ಕಲ್ಯಾಣದಲ್ಲಿರುವ ಅಕ್ಕ ಮೊಮ್ಮಗನನ್ನು ಆಸ್ಪತ್ರೆಯಲ್ಲಿ ಒಮ್ಮೆ ಎತ್ತಿಕೊಂಡದ್ದಷ್ಟೇ, ಆಮೇಲೆ ಎಲ್ಲ ಮೊಬೈಲಿನಲ್ಲಿ. ಮೊಣಕಾಲು ಕೆಟ್ಟ ಮೇಲೆ ಸ್ಟೇಶನ್ನಿನ ಸೇತುವೆ ಹತ್ತುವುದು ಆಕೆಗೆ ಆಗುವುದಿಲ್ಲ, ಎಸ್ಕಲೇಟರಿನ ಮೇಲೆ ಕಾಲಿಡಲು ಭಯ. ಸಾನಪಾಡಾಕ್ಕೆ ಹೋಗುವುದೆಂದರೆ ಥಾಣೆಯಲ್ಲಿ ಇಳಿದು, ಜನರ ನಡುವೆ ಹತ್ತಿ ಇಳಿದು, ಇನ್ನೊಂದು ಟ್ರೇನು ಹಿಡಿಯಬೇಕು. ಅಳಿಯ ನಿಖಿಲ್ ಒಳ್ಳೆಯ ಹುಡುಗ, ಮರಾಠಿಯವನು, ಪ್ರತಿ ವಾರ ಕ್ಯಾಬು ಕಳಿಸುತ್ತೇನೆಂದ. "ಅಳಿಯನ ದುಡ್ಡಿನಲ್ಲಿ ಕಾರು ಹತ್ತಿ ಮೊಮ್ಮಗನ್ನ ನೋಡ್ಲಿಕ್ಕೆ ಹೋಗುದಾ?" ಎಂದು ಅಕ್ಕ ಅದನ್ನು ಅಲ್ಲಿಗೇ ಮುಗಿಸಿದಳು. ಭಾವ ತೀರಿಕೊಂಡ ಮೇಲೆ ಹಪ್ಪಳ, ಚಕ್ಕುಲಿ ಮಾಡಿ ಮಾರಿ ಮಗಳನ್ನು ಓದಿಸಿದವಳು ಆಕೆ. ಯಾರ ಹಂಗೂ ಆಕೆಗೆ ಆಗುವುದಿಲ್ಲ, ಒಡಹುಟ್ಟಿದವರದ್ದು ಮೊದಲೇ ಆಗುವುದಿಲ್ಲ.

ನಾನು ಫೋನಿನಲ್ಲಿ, ಭಾನುವಾರ ನನ್ನ ಕಾರಿನಲ್ಲಿ ಹೋಗೋಣ ಎಂದೆ. ಅಕ್ಕ ಮೊದಲು ಕೇಳಿದ್ದು ಲೆಕ್ಕ.

"ಪೆಟ್ರೋಲು ಎಷ್ಟಾಗ್ತದೆ?"

"ಅದೆಲ್ಲ ಎಂತಕ್ಕೆ ನಿನಗೆ?"

"ಅರ್ಧ ನಾನು ಕೊಡ್ತೇನೆ. ಎಷ್ಟು ಅಂತ ಮೊದಲೇ ಹೇಳು. ನನ್ನ ಕೈಗೆ ಎಟಕುವಷ್ಟಾದ್ರೆ ವಾರ ವಾರ ಬರ್ತೇನೆ. ಇಲ್ಲದಿದ್ರೆ ಒಂದೇ ಸಲ, ಆಮೇಲೆ ನೀನು ಕರೀಬಾರದು."

ಅಕ್ಕನ ಮಾತೆಂದರೆ ಅಷ್ಟೇ. ಹಾಗಾಗಿ ಪೆಟ್ರೋಲಿನ ಅಂದಾಜು ಸರಿ ಬರುವುದರ ಮೇಲೆ ಒಂದು ಮಗು ಅಜ್ಜಿಯ ಮಡಿಲು ಕಾಣುವುದು ನಿಂತಿತು.

ನಾನು ಲೆಕ್ಕಕ್ಕೆ ಕೂತೆ. ನಮ್ಮ ಕಡೆ ದೂರವನ್ನು ಯಾರೂ ರಸ್ತೆಯಲ್ಲಿ ಅಳೆಯುವುದಿಲ್ಲ, ಸ್ಟೇಶನ್ನಿನಲ್ಲಿ ಅಳೆಯುತ್ತಾರೆ. ಪಾಸು ತೆಗೆಸಿ ತೆಗೆಸಿ ಹಳಿಯ ಕಿಲೋಮೀಟರು ನನಗೆ ಬಾಯಿಪಾಠ. ಡೊಂಬಿವಲಿಯಿಂದ ಕಲ್ಯಾಣ ಇಷ್ಟು, ಕಲ್ಯಾಣದಿಂದ ಥಾಣೆ ಇಷ್ಟು, ಥಾಣೆಯಲ್ಲಿ ತಿರುಗಿ ಸಾನಪಾಡಾಕ್ಕೆ ಇಷ್ಟು. ಕೂಡಿಸಿ, ಬರುವುದಕ್ಕೆಂದು ಎರಡರಿಂದ ಗುಣಿಸಿ, ಹದಿನೆಂಟರಿಂದ ಭಾಗಿಸಿದೆ. ಐದು ಲೀಟರಿಗೆ ಸ್ವಲ್ಪ ಕಡಿಮೆ. ಐನೂರು ರೂಪಾಯಿ, ಅಕ್ಕನ ಪಾಲು ಇನ್ನೂರ ಐವತ್ತು.

"ಹತ್ತು ಜನಕ್ಕೆ ಅನ್ನ ಇಡುವಾಗ ಹನ್ನೆರಡು ಜನಕ್ಕೆ ಇಡ್ಬೇಕು, ಮುನ್ನೂರು ಹೇಳು" ಎಂದರು ನಮ್ಮವರು ಊಟ ಮಾಡುತ್ತಾ. ಹೋಟೆಲಿನ ಮಾತು ಇಲ್ಲೇಕೆಂದು ನಾನು ಇನ್ನೂರ ಐವತ್ತೇ ಹೇಳಿದೆ. ಅಕ್ಕ ಒಪ್ಪಿದಳು.

ಡೊಂಬಿವಲಿ

ಭಾನುವಾರ ಬೆಳಿಗ್ಗೆ ಪಂಪಿನಲ್ಲಿ ಟ್ಯಾಂಕು ತುಂಬಿಸಿದೆ. ತುಂಬಿಸಿ ಹೊರಟು, ಬಂದ ಮೇಲೆ ಮತ್ತೆ ತುಂಬಿಸಿದರೆ ಎಷ್ಟು ಹಿಡಿಯಿತೋ ಅಷ್ಟೇ ಖರ್ಚು ಎಂದು ಡ್ರೈವಿಂಗ್ ಕ್ಲಾಸಿನ ಮಾಸ್ತರರು ಹೇಳಿಕೊಟ್ಟಿದ್ದರು. ಇದರಲ್ಲಿ ಯಾರ ಬಾಯಿಮಾತಿಗೂ ಜಾಗವಿಲ್ಲ. ಸ್ಟಿಯರಿಂಗಿನ ಹಿಂದೆ ಓಡಿದ ಕಿಲೋಮೀಟರು ತೋರಿಸುವ ಸಣ್ಣ ಮೀಟರನ್ನು ಸೊನ್ನೆಗೆ ತಂದೆ. ಮಾಸ್ತರರು ಇನ್ನೊಂದು ಮಾತನ್ನೂ ಹೇಳಿದ್ದರು, ಕಾರು ಓಡುವಾಗ ಮಾತ್ರವಲ್ಲ, ನಿಂತಾಗಲೂ ಕುಡಿಯುತ್ತದೆ ಎಂದು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಟ್ರೇನಿನಲ್ಲಿ ಕೂತವರಿಗೆ, ಸಿಗ್ನಲ್ ಸಿಗದೆ ಠಾಕುರ್ಲಿಯಲ್ಲಿ ನಿಂತರೂ ಟಿಕೇಟಿನ ದರ ಏರುವುದಿಲ್ಲವಲ್ಲ.

ಕಲ್ಯಾಣಕ್ಕೆ ಟ್ರೇನಿನಲ್ಲಿ ನಡುವೆ ಒಂದೇ ಸ್ಟೇಶನ್ನು. ಶೇಂಗಾ ಸುಲಿದು ಮುಗಿಯುವಷ್ಟರಲ್ಲಿ ಕಲ್ಯಾಣ ಬರುತ್ತದೆ. ರಸ್ತೆಯಲ್ಲಿ ಪತ್ರಿ ಪೂಲ್ ಎಂಬ ಸೇತುವೆಯ ಹತ್ತಿರ ರಿಕ್ಷಾಗಳ ನಡುವೆ ನಿಂತವಳು ನಿಂತೇ ಇದ್ದೆ. ಎಡಕ್ಕೆ ಒಬ್ಬ ಸ್ಕೂಟರಿನವನು ನನ್ನ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋದ. ಇಲ್ಲಿನ ಜನ ಹಾರ್ನು ಹೊಡೆಯುವುದು ಸಿಟ್ಟಿನಿಂದಲ್ಲ, ನಾನಿದ್ದೇನೆ ಎಂದು ತಿಳಿಸಲಿಕ್ಕೆ. ಇದು ಅರ್ಥವಾಗುವ ತನಕ ಪ್ರತಿ ಹಾರ್ನಿಗೂ ನಾನು ಕೈಯೆತ್ತಿ ಕ್ಷಮೆ ಕೇಳುತ್ತಿದ್ದೆ.

ಕಲ್ಯಾಣ

ಅಕ್ಕ ಗೇಟಿನಲ್ಲೇ ನಿಂತಿದ್ದಳು, ಒಳ್ಳೆಯ ಸೀರೆಯುಟ್ಟು. ಕಾಲ ಬುಡದಲ್ಲಿ ಎರಡು ಹಪ್ಪಳದ ಡಬ್ಬ, ನಾಲ್ಕು ತೆಂಗಿನಕಾಯಿ, ಕುಚ್ಚಲಕ್ಕಿಯ ಚೀಲ, ಬಾಣಂತಿ ಲೇಹ್ಯದ ಭರಣಿ, ಜೊತೆಗೆ ಮಗುವನ್ನು ಮೀಯಿಸಲು ಒಂದು ಹಿತ್ತಾಳೆಯ ತಂಬಿಗೆ. ಕಾರು ಬರುತ್ತದೆಂದು ಗೊತ್ತಾದರೆ ನಮ್ಮೂರ ಕಡೆಯವರು ಮನೆಯ ಅರ್ಧವನ್ನು ಕಟ್ಟಿಡುತ್ತಾರೆ. ಭಾರಕ್ಕೂ ಪೆಟ್ರೋಲು ಹೋಗುತ್ತದೆ ಎನ್ನಲು ಬಾಯಿ ತೆರೆದವಳು ಆಕೆಯ ಮುಖ ನೋಡಿ ಡಿಕ್ಕಿ ತೆರೆದೆ.

ಫೋನಿನಲ್ಲಿ ದಾರಿ ಹಾಕಿದೆ. ಮೊದಲು ಥಾಣೆ. ಥಾಣೆ ಮುಟ್ಟಿದ ಮೇಲೆ ಸಾನಪಾಡಾ ಹಾಕುವುದೆಂದು ಯೋಚಿಸಿದ್ದೆ. ಒಟ್ಟಿಗೇ ಸಾನಪಾಡಾ ಎಂದು ಕೇಳಬಹುದೆಂದು ಹೊಳೆಯಲಿಲ್ಲ, ಏಕೆಂದರೆ ಥಾಣೆಯಲ್ಲಿ ಇಳಿಯದೆ ಸಾನಪಾಡಾಕ್ಕೆ ಹೋದದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಫೋನಿನ ಹೆಂಗಸು ಕೇಳಿದ್ದನ್ನಷ್ಟೇ ಹೇಳುವವಳು. ದುರ್ಗಾಡಿ ಸೇತುವೆಯ ಕಡೆ ತಿರುಗಿಸಿದಳು.

ಮೊದಲ ಸಿಗ್ನಲಿನಲ್ಲಿ ಅಕ್ಕ, "ನಿಂತಾಗ ಆಫ್ ಮಾಡ್ಲಿಕ್ಕೆ ಆಗುದಿಲ್ವಾ?" ಎಂದಳು.

"ಆಗ್ತದೆ."

"ಮತ್ತೆ ಮಾಡು. ಹಾಲು ಉಕ್ಕಿದ ಮೇಲೆ ಗ್ಯಾಸು ಉರಿಸಿ ಇಡುದಾ ಯಾರಾದ್ರೂ?"

ಮಾಡಿದೆ. ಹಸಿರು ಬಿದ್ದ ಮೇಲೆ ಮತ್ತೆ ಚಾಲೂ ಮಾಡುವಾಗ ಗೇರು ತಪ್ಪಿ ಕಾರು ಕುಪ್ಪಳಿಸಿ ನಿಂತಿತು. ಹಿಂದಿನ ಟೆಂಪೋದವನು ತಾನಿರುವುದನ್ನು ಬಹಳ ಹೊತ್ತು ತಿಳಿಸಿದ.

ಮಾಜಿವಾಡಾ

ಭಿವಂಡಿ ಬೈಪಾಸ್ ಎಂದರೆ ಗೋದಾಮುಗಳ ರಾಜ್ಯ. ಭಾನುವಾರವೂ ಕಂಟೇನರುಗಳು ಸಾಲುಗಟ್ಟಿ ನಿಂತಿರುತ್ತವೆ. ಡ್ರೈವರುಗಳು ಲಾರಿಯ ನೆರಳಿನಲ್ಲಿ ಸ್ಟವ್ ಹಚ್ಚಿ ಅಡಿಗೆ ಮಾಡುತ್ತಾರೆ, ಒಬ್ಬ ಬನಿಯನ್ ಒಗೆದು ಹೆಡ್‌ಲೈಟಿಗೆ ನೇತುಹಾಕಿದ್ದ. ನಾನು ಹುಟ್ಟಿದ ಊರಿನಲ್ಲಿ ಹೆದ್ದಾರಿಯ ಪಕ್ಕ ಯಾರಾದರೂ ನಿಂತರೆ ಹತ್ತು ಜನ ಏನಾಯಿತೆಂದು ಕೇಳುತ್ತಾರೆ. ಇಲ್ಲಿ ಸಂಸಾರ ಹೂಡಿದರೂ ಕೇಳುವವರಿಲ್ಲ.

ಎಸಿ ಹಾಕಿದೆ. ಎರಡು ನಿಮಿಷದಲ್ಲಿ ಅಕ್ಕ, "ಇದು ಪೆಟ್ರೋಲು ತಿಂತದೆ ಅಲ್ವಾ?" ಎಂದಳು. ಸ್ವಲ್ಪ ತಿನ್ನುತ್ತದೆ ಎಂದೆ. ಬಂದ್ ಮಾಡಿಸಿದಳು. ಕಿಟಕಿ ತೆರೆದರೆ ಲಾರಿಯ ಹೊಗೆ, ಮುಚ್ಚಿದರೆ ಒಲೆ. ಒಮ್ಮೆ ತೆರೆದು ಒಮ್ಮೆ ಮುಚ್ಚಿ, ಬೆವರು ಒರೆಸಿಕೊಳ್ಳುತ್ತಾ ಹೋದೆವು. ಅಕ್ಕನ ಒಳ್ಳೆಯ ಸೀರೆ ಬೆನ್ನಿಗೆ ಅಂಟಿತ್ತು. ಮೀಟರಿನ ಅಂಕಿ ಥಾಣೆಯ ತನಕದ ನನ್ನ ಹಳಿಯ ಲೆಕ್ಕವನ್ನು ಖಾರೇಗಾಂವ್ ತಲುಪುವ ಮೊದಲೇ ದಾಟಿತ್ತು. ನಾನು ಸೆರಗಿನಿಂದ ಮುಖ ಒರೆಸುವ ನೆವದಲ್ಲಿ ಅದನ್ನು ಅಕ್ಕನಿಂದ ಮರೆಮಾಡಲು ನೋಡಿದೆ.

ಮಾಜಿವಾಡಾದಲ್ಲಿ ಫ್ಲೈಓವರುಗಳು ಒಂದರ ಮೇಲೊಂದು ಕವಲೊಡೆಯುತ್ತವೆ. ಹತ್ತಬೇಕಾದದ್ದನ್ನು ಬಿಟ್ಟು ಘೋಡ್‌ಬಂದರಿನ ಕಡೆ ಹೋದೆ. ಮುಂದೆ ಹೋಗಿ ತಿರುಗಿ ಬಂದು, ರಿಕ್ಷಾ ಸ್ಟ್ಯಾಂಡಿನ ಬಳಿ ನಿಲ್ಲಿಸಿ, ಸಾನಪಾಡಾಕ್ಕೆ ಹೇಗೆ ಹೋಗುವುದೆಂದು ಒಬ್ಬ ರಿಕ್ಷಾದವನನ್ನು ಮರಾಠಿಯಲ್ಲಿ ಕೇಳಿದೆ. ಇಲ್ಲಿನವರು ದಾರಿ ಕೇಳಿದರೆ ಮೊದಲು ಎಲ್ಲಿಂದ ಬಂದಿರಿ ಎಂದು ತಿಳಿದುಕೊಳ್ಳುತ್ತಾರೆ. ಹೇಳಿದೆ.

"ಡೊಂಬಿವಲೀಹೂನ್? ಠಾಣ್ಯಾವರೂನ್?" ಎಂದವನು ಪಕ್ಕದವನನ್ನು ಕರೆದ. ಡೊಂಬಿವಲಿಯಿಂದ ಸಾನಪಾಡಾಕ್ಕೆ ಥಾಣೆ ಸುತ್ತಿ ಬಂದವರನ್ನು ನೋಡಲು ಇನ್ನಿಬ್ಬರು ರಿಕ್ಷಾದಿಂದ ಇಳಿದರು. ಅವರಲ್ಲಿ ವಯಸ್ಸಾದವನು ಕಿಟಕಿಯ ಹತ್ತಿರ ಬಗ್ಗಿ ಮರ್ಯಾದೆಯಿಂದಲೇ ವಿವರಿಸಿದ. ಡೊಂಬಿವಲಿಯಿಂದ ಶೀಳ್‌ಫಾಟಾ, ಅಲ್ಲಿಂದ ಗುಡ್ಡ ಇಳಿದರೆ ಮಹಾಪೆ, ಅಲ್ಲಿಂದ ನೇರ ಸಾನಪಾಡಾ. ಥಾಣೆಗೆ ಬರುವ ಕೆಲಸವೇ ಇಲ್ಲ. ಕೊನೆಗೆ, "ತಾಯಿ, ತುಮ್ಹೀ ಗಾಡೀ ಟ್ರೇನ್‌ಸಾರಖೀ ಚಾಲವತಾ ಕಾ?" ಎಂದ. ಕಾರನ್ನು ಟ್ರೇನಿನ ಹಾಗೆ ಓಡಿಸುತ್ತೀರಾ ಎಂದು.

ಅವರೊಂದಿಗೆ ನಾನೂ ನಕ್ಕೆ. ಅಕ್ಕ ನಗಲಿಲ್ಲ. ನಲವತ್ತು ವರ್ಷ ಕಲ್ಯಾಣದಲ್ಲಿ ಇದ್ದವಳಿಗೆ ಮರಾಠಿಯ ಒಂದಕ್ಷರವೂ ತಪ್ಪುವುದಿಲ್ಲ. ಐರೋಲಿ ದಾಟುವ ತನಕ ಹೊರಗೆ ನೋಡುತ್ತಾ ಕೂತಳು. ನನಗೆ ನನ್ನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಓದಿ, ಆಫೀಸಿನಲ್ಲಿ ಲೆಕ್ಕ ಬರೆದು, ಒಂದು ನಕಾಶೆ ತೆರೆದು ನೋಡಲು ನನಗೆ ಬುದ್ಧಿ ಬರಲಿಲ್ಲ.

ಸಾನಪಾಡಾ

ಶ್ವೇತಾಳ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದಾಗ ಮೀಟರು ಅರವತ್ತು ದಾಟಿತ್ತು. ಅಕ್ಕ ಅದನ್ನು ನೋಡಿಯೇ ಇಳಿದಳು.

ನವಿ ಮುಂಬಯಿಯ ರಸ್ತೆಗಳು ಅಗಲ, ಮರಗಳು ಸಾಲಾಗಿ. ಮನೆ ಹುಡುಕುವಾಗ ಜನ ಸೆಕ್ಟರಿನ ನಂಬರು ಕೇಳುತ್ತಾರೆ, ಹೆಸರು ಕೇಳುವುದಿಲ್ಲ. ಡೊಂಬಿವಲಿಯಲ್ಲಿ ಆದರೆ ಯಾವ ಡೇರಿಯ ಎದುರು ಎಂದು ಕೇಳುತ್ತಾರೆ. ನಿಖಿಲ್ ಕೆಳಗೆ ಬಂದು ತೆಂಗಿನಕಾಯಿ, ಅಕ್ಕಿಯನ್ನೆಲ್ಲ ಹೊತ್ತ. ಲಿಫ್ಟಿನಲ್ಲಿ ಅಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಮಗು ಎದ್ದಿತ್ತು. ಅಕ್ಕ ಕೈಕಾಲು ತೊಳೆದು ಬಂದು ಎತ್ತಿಕೊಂಡದ್ದೇ ಬಾಯಿಬಿಟ್ಟು ಅಳತೊಡಗಿತು. ಆಕೆಯ ಮುಖ ಸಣ್ಣದಾಯಿತು. "ಅರೇ ಆಯೀ, ರೋಜ್ ವೀಡಿಯೋದಲ್ಲಿ ನೋಡ್ತಾನಲ್ಲ, ಪೆಹಚಾನ್ ಸಿಗ್ತದೆ ಈಗ" ಎಂದಳು ಶ್ವೇತಾ ತನ್ನ ಮೂರು ಭಾಷೆಯಲ್ಲಿ, ಈಗ ಗುರುತು ಹಿಡಿಯುತ್ತಾನೆ ಎಂದು. ಅಕ್ಕನಿಗೆ ಅದರಿಂದ ಏನೋ ನೆನಪಾಯಿತು. ದಿನವೂ ಮೊಬೈಲಿಗೆ ಮುಖವೊಡ್ಡಿ ನಾಲಿಗೆಯಿಂದ ಟೊಕ್ ಟೊಕ್ ಎಂದು ಸದ್ದು ಮಾಡುತ್ತಿದ್ದಳಲ್ಲ, ಅದನ್ನೇ ಮಾಡಿದಳು. ಮಗು ಅಳುವುದನ್ನು ನಿಲ್ಲಿಸಿ ಆಕೆಯ ಬಾಯಿಯನ್ನೇ ನೋಡಿತು. ಮತ್ತೆ ಮಾಡಿದಳು. ಕೈ ಚಾಚಿ ಆಕೆಯ ತುಟಿ ಹಿಡಿಯಿತು. ಅಕ್ಕ ಅಲ್ಲೇ ಸೋಫಾದಲ್ಲಿ ಕೂತು ಅತ್ತಳು. ನಾನೂ ಅತ್ತೆ. ಶ್ವೇತಾ ನಮ್ಮಿಬ್ಬರಿಗೂ ಕಾಫಿ ತಂದಳು.

ಆಮೇಲೆ ಇಡೀ ದಿನ ಮಗು ಆಕೆಯ ತೊಡೆಯಿಂದ ಇಳಿಯಲಿಲ್ಲ. ತಂಬಿಗೆಯಲ್ಲಿ ನೀರು ಹೊಯ್ದು ಮೀಯಿಸಿದಳು, ತಲೆಗೆ ಎಣ್ಣೆ ತಟ್ಟಿದಳು, ಮಲಗಿದ ಮೇಲೂ ಕೆಳಗಿಡಲಿಲ್ಲ. ಊಟಕ್ಕೆ ಎಬ್ಬಿಸಲು ಎರಡು ಸಲ ಕರೆಯಬೇಕಾಯಿತು.

ಹೊರಡುವಾಗ ಶ್ವೇತಾ, "ಆಯೀ, ನೆಕ್ಸ್ಟ್ ಸಂಡೇ?" ಎಂದಳು.

"ನೋಡುವ. ಚೌತಿಗೆ ಬರ್ತೇನೆ" ಎಂದಳು ಅಕ್ಕ.

ಚೌತಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಶ್ವೇತಾ ನನ್ನ ಮುಖ ನೋಡಿದಳು. ನಾನು ಕಾರಿನ ಕೀ ಹುಡುಕುವವಳಂತೆ ಪರ್ಸಿನೊಳಗೆ ಕೈ ಹಾಕಿದೆ. ನಿಖಿಲ್ ಕೆಳಗೆ ಬಂದು, ಮೀಟರನ್ನು ಮತ್ತೆ ಸೊನ್ನೆಗೆ ತಂದು, ಮಹಾಪೆಯ ದಾರಿಯನ್ನು ಫೋನಿಗೆ ಹಾಕಿಕೊಟ್ಟ.

ಶೀಳ್‌ಫಾಟಾ

ಗುಡ್ಡ ಹತ್ತಿ ಶೀಳ್‌ಫಾಟಾ ದಾಟಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಮೆಟ್ರೋದ ಕಂಬಗಳ ನಡುವೆ ಡೊಂಬಿವಲಿ ಎಂಬ ಹಸಿರು ಬೋರ್ಡು ಆಗಲೇ ಕಾಣಿಸಿತು. ಟ್ರೇನಿನಲ್ಲಿ ಥಾಣೆಯ ತನಕ ಹೋಗಿ ಹಿಂದಕ್ಕೆ ಮಡಚಿಕೊಂಡು ಹೋಗುವ ಊರು ನಮ್ಮ ಬೆನ್ನಿನ ಹಿಂದೆಯೇ ಇತ್ತು. ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅಕ್ಕನನ್ನು ಮನೆಗೆ ಬಿಟ್ಟ ಮೇಲೆ ಪೆಟ್ರೋಲು ಹಾಕಿಸಿ, ಆಮೇಲೆ ಫೋನಿನಲ್ಲಿ ಐನೂರೇ ಆಯಿತೆಂದು ಹೇಳುವುದೆಂದು ನಾನು ನಿಶ್ಚಯಿಸಿದ್ದೆ. ಅಷ್ಟು ಸುಳ್ಳಿನಿಂದ ಆಕೆ ಮುಂದಿನ ವಾರ ಬರುವುದಾದರೆ ಪಾಪವೇನೂ ಇಲ್ಲ ಎನಿಸಿತ್ತು. ರಸ್ತೆಯ ಪಕ್ಕ ಪಂಪು ಕಂಡದ್ದೇ ಅಕ್ಕ, "ಇಲ್ಲೇ ಹಾಕ್ಸು. ನಾನಿರುವಾಗಲೇ" ಎಂದಳು.

ಪಂಪಿನ ಹೆಂಗಸು "ಝೀರೋ ದೇಖೋ ಮೇಡಮ್" ಎಂದಳು. ನಾನು ನೋಡಿದೆ, ಅಕ್ಕ ಕುತ್ತಿಗೆ ಚಾಚಿ ನೋಡಿದಳು. ಅಂಕಿಗಳು ಓಡಿದವು. ಐನೂರು ದಾಟುವಾಗ ನಾನು ಬೇರೆ ಕಡೆ ನೋಡಿದೆ. ಏಳುನೂರ ಇಪ್ಪತ್ತರಲ್ಲಿ ನಿಂತಿತು. ಹದಿನೆಂಟು ಕೊಡುತ್ತದೆಂದ ಕಾರು ಹನ್ನೆರಡನ್ನೂ ಕೊಟ್ಟಿರಲಿಲ್ಲ.

ಅಕ್ಕ ಸೊಂಟದ ಚೀಲ ಬಿಚ್ಚಿ ಮುನ್ನೂರ ಅರವತ್ತು ಕೊಟ್ಟಳು.

"ಇನ್ನೂರ ಐವತ್ತು ಸಾಕು ಅಕ್ಕ. ಸುತ್ತು ದಾರಿಯಲ್ಲಿ ಹೋದದ್ದು ನಾನು, ಅದು ನನ್ನದೇ."

"ದಾರಿ ಹಿಡಿದದ್ದು ನೀನು. ಕೂತದ್ದು ಇಬ್ರೂ ಅಲ್ವಾ? ತಕ್ಕೋ."

ತೆಗೆದುಕೊಂಡೆ. ಚೌತಿಯ ಮಾತು ಖಾಯಂ ಆಯಿತೆಂದು ತಿಳಿದು ಕಾರು ಚಾಲೂ ಮಾಡಿದೆ. ಅಕ್ಕ ಬಗ್ಗಿ ಮೀಟರು ನೋಡಿದಳು.

"ಇದೇನು, ಇಪ್ಪತ್ತೇ ಆದದ್ದಾ ಸಾನಪಾಡಾದಿಂದ?"

"ಹೌದು."

"ಈ ದಾರಿಯಲ್ಲೇ ಹೋಗಿ ಬಂದ್ರೆ ಎಷ್ಟಾಗ್ತದೆ? ಸರಿಯಾಗಿ ಹೇಳು. ಟ್ರೇನಿನ ಲೆಕ್ಕ ಬೇಡ."

ಕಾರು ಬಂದ್ ಮಾಡಿ ಲೆಕ್ಕ ಹಾಕಿದೆ. ಹದಿನೆಂಟನ್ನು ಬಿಟ್ಟು ಹನ್ನೆರಡು ಹಿಡಿದೆ. ಡೊಂಬಿವಲಿಯಿಂದ ಹೋಗಿಬರಲು ನಾನೂರು. ಕಲ್ಯಾಣಕ್ಕೆ ಬಂದು ಕರೆದುಕೊಂಡು ಹೋಗಿ ಮತ್ತೆ ಬಿಟ್ಟುಬರುವುದಾದರೆ, ಆ ಪತ್ರಿ ಪೂಲಿನಲ್ಲಿ ನಿಲ್ಲುವುದೆಲ್ಲ ಸೇರಿ ಬಹಳ ಹೆಚ್ಚು ಎಂದೆ. ಈ ಸಲ ಯಾವುದನ್ನೂ ಮುಚ್ಚಿಡಲಿಲ್ಲ.

ಅಕ್ಕ ಯೋಚಿಸಿದಳು. ಹಿಂದಿನ ಕಾರಿನವನು ಹಾರ್ನು ಹೊಡೆದ. "ಹೊಡೀಲಿ, ಅವನಿಗೆಂತ ಅರ್ಜೆಂಟು" ಎಂದಳು. ಆಮೇಲೆ, "ಹಾಗಾದ್ರೆ ಕಲ್ಯಾಣಕ್ಕೆ ನೀನು ಎಂತಕ್ಕೆ ಬರುದು? ಶೇರ್ ರಿಕ್ಷಾ ನಮ್ಮ ಗೇಟಿನಲ್ಲೇ ಸಿಗ್ತದೆ. ಶನಿವಾರ ಸಂಜೆಯೇ ನಿಮ್ಮಲ್ಲಿಗೆ ಬಂದು ಇರ್ತೇನೆ. ಬೆಳಿಗ್ಗೆ ಬೇಗ ಹೊರಟ್ರೆ ಟ್ರಾಫಿಕ್ಕೂ ಇರುದಿಲ್ಲ."

ನಾನು ಮದುವೆಯಾಗಿ ಡೊಂಬಿವಲಿಗೆ ಬಂದಂದಿನಿಂದ ಅಕ್ಕ ಎರಡು ಸ್ಟೇಶನ್ನು ಆಚೆ ಇದ್ದಾಳೆ. ಹಬ್ಬಕ್ಕೆ ಬಂದಿದ್ದಾಳೆ, ಊಟ ಮಾಡಿದ್ದಾಳೆ, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗಿದ್ದಾಳೆ. ಭಾವ ತೀರಿಕೊಂಡಾಗ ಹತ್ತು ದಿನ ಬಂದು ಇರು ಎಂದು ಕಾಲು ಹಿಡಿದದ್ದಕ್ಕೂ ಬರಲಿಲ್ಲ. ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ಮಲಗಿದವಳಲ್ಲ. ನಾನು "ಹಾಗೇ ಮಾಡುವ" ಎಂದಷ್ಟೇ ಹೇಳಿ, ಕಾರು ಚಾಲೂ ಮಾಡಿ ಗೇರು ಹಾಕಿದೆ. ಕಾರು ಕುಪ್ಪಳಿಸದೆ ಹೊರಟಿತು.

ಮತ್ತೆ ಡೊಂಬಿವಲಿ

ಶನಿವಾರ ಸಂಜೆ ಒಂದು ಚೀಲ, ತನ್ನದೇ ದಿಂಬು, ಒಂದು ಡಬ್ಬ ಹಪ್ಪಳದೊಂದಿಗೆ ಅಕ್ಕ ಬಂದಳು. ಊಟಕ್ಕೆ ಕೂತಾಗ ನಮ್ಮವರು, "ಅತ್ತಿಗೆ, ಪೆಟ್ರೋಲಿಗೆ ಪಾಲು ಕೊಡಿ, ಬೇಡ ಅನ್ನುದಿಲ್ಲ. ಊಟಕ್ಕೆ ಬಿಲ್ಲು ಕೇಳಿದ್ರೆ ಮಾತ್ರ ನಾನು ಗಲ್ಲಾ ಬಿಟ್ಟು ಊರಿಗೆ ಹೋಗ್ತೇನೆ" ಎಂದರು. "ಹಪ್ಪಳ ತಂದಿದ್ದೇನಲ್ಲ" ಎಂದಳು ಅಕ್ಕ. ನಮ್ಮವರು ಏಳು ಹಪ್ಪಳ ತಿಂದರು. ಹಾಲ್‌ನಲ್ಲಿ ಚಾಪೆ ಹಾಸಿ ನಾನು ಅಕ್ಕನ ಪಕ್ಕದಲ್ಲೇ ಮಲಗಿದೆ. ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆಯೇ ಆಕೆ ಗೋಡೆಯ ಕಡೆ, ನಾನು ಈ ಕಡೆ.

ಬೆಳಿಗ್ಗೆ ನಾನು ಬಾಗಿಲಿಗೆ ಬೀಗ ಹಾಕಿ ಇಳಿಯುವಷ್ಟರಲ್ಲಿ, ಕೀ ಹಿಡಿದು ಮೊದಲೇ ಇಳಿದಿದ್ದ ಅಕ್ಕ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದಳು. ಒಳ್ಳೆಯ ಸೀರೆ, ಇಸ್ತ್ರಿ ಮಾಡಿದ್ದು. ಇನ್ನೂರ ಇಪ್ಪತ್ತು ರೂಪಾಯಿಯನ್ನು ನನ್ನ ಕೈಗಿಟ್ಟಳು. ಇನ್ನೂರೇ ಅಲ್ಲವೇ, ಇಪ್ಪತ್ತು ಯಾಕೆ ಎಂದೆ.

"ಎಸಿ ಹಾಕು" ಎಂದಳು ಅಕ್ಕ. "ನನ್ನ ಲೆಕ್ಕದಲ್ಲಿ ಅದನ್ನೂ ಸೇರಿಸಿದ್ದೇನೆ."